ಸುಣ್ಣಕಲ್ಲಿನ ಶಿಖರದ ಮೂರೆಲೆ ಗಿಡ

ಕಲಿಕೆಯ ಉದ್ದೇಶ: ‘ವಿರಳ ಸಸ್ಯ’ ಎಂಬ ಮಾತಿನ ಅರ್ಥವನ್ನು ನೆಲ, ಎತ್ತರ ಮತ್ತು ಹವೆಗಳ ಸಂಬಂಧದಲ್ಲಿ ಗ್ರಹಿಸುವುದು.

ವಿಷಯ ನಿರೂಪಣೆ

ಕ್ಲೋವರ್ ಎಂಬುದು ತೊಗರಿ, ಹುರುಳಿ, ಶೇಂಗಾಗಳ ಕುಟುಂಬಕ್ಕೆ ಸೇರಿದ ಗಿಡ. ನೀಲಗಿರಿಯಲ್ಲಿ ಕಾಣುವ ಬಿಳಿ ಕ್ಲೋವರ್ ಹೊರನಾಡಿನಿಂದ ಬಂದು ಬೇರೂರಿದ್ದು; ಅದು ಹಲವು ಬಗೆಯ ನೆಲಗಳಿಗೆ ಒಗ್ಗಿಕೊಳ್ಳುತ್ತದೆ. ಅದೇ ಕುಲದ ಟ್ರೈಫೋಲಿಯಂ ನೋರಿಕಂ ಹಾಗಲ್ಲ. ಪೂರ್ವ ಆಲ್ಪ್ಸ್, ಇಟಲಿಯ ಅಪೆನೈನ್ ಮತ್ತು ಬಾಲ್ಕನ್ ಪರ್ವತಗಳ ಎತ್ತರದ ಸುಣ್ಣಕಲ್ಲಿನ ನೆಲವೇ ಅದರ ನೆಲೆ. ಗೇಣುದ್ದವೂ ಬೆಳೆಯದ ಈ ಗಿಡದ ಎಲೆಗಳ ಮೇಲೆ ನವಿರಾದ ರೋಮಗಳಿವೆ, ಹೂಗೊಂಚಲು ಕೆನೆಬಣ್ಣದ್ದು.

ಲ್ಯಾಟಿನ್ ಭಾಷೆಯಲ್ಲಿ ಟ್ರೈಫೋಲಿಯಂ ಎಂದರೆ ಮೂರೆಲೆಯದು. ನೋರಿಕಂ ಎಂಬುದು ಇಂದಿನ ಆಸ್ಟ್ರಿಯದ ಬಹುಭಾಗವನ್ನು ಒಳಗೊಂಡಿದ್ದ ರೋಮನ್ ಪ್ರಾಂತ. ಈ ಹೆಸರನ್ನಿಟ್ಟವರು ಸಸ್ಯವಿಜ್ಞಾನಿ ಫ್ರಾಂಜ್ ಕ್ಸೇವರ್ ಫಾನ್ ವುಲ್ಫೆನ್ (1728–1805).

ಮಳೆನೀರಿನಲ್ಲಿ ಬೆರೆತ ಇಂಗಾಲದ ಡೈಆಕ್ಸೈಡ್ ಸುಣ್ಣಕಲ್ಲನ್ನು ನಿಧಾನವಾಗಿ ಕರಗಿಸುತ್ತದೆ. ನೀರು ಬಿರುಕುಗಳಲ್ಲಿ ಇಳಿದುಹೋಗುವುದರಿಂದ ಮಳೆ ಸುರಿದರೂ ಮೇಲಿನ ತೆಳುಮಣ್ಣು ಬೇಗನೆ ಒಣಗುತ್ತದೆ. ಆ ಕ್ಷಾರೀಯ ಮಣ್ಣಿನಲ್ಲಿ ಕಬ್ಬಿಣ, ರಂಜಕಗಳು ಬೇರಿಗೆ ಸುಲಭವಾಗಿ ದೊರೆಯವು. ಸಾರಜನಕದ ಕೊರತೆಯನ್ನು ಮಾತ್ರ ಕ್ಲೋವರಿನ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಗಳು ಗಾಳಿಯಿಂದ ತುಂಬಿಕೊಡುತ್ತವೆ.

“ಈ ಗಿಡವನ್ನು ಕೆಳಗಿನ ಬಯಲಿಗೆ ತಂದು ನೆಡಬಾರದೇ?” ಎಂದು ವಿದ್ಯಾರ್ಥಿಗಳು ಕೇಳಬಹುದು. ಬಯಲಿನ ಕೊಬ್ಬಿದ ಮಣ್ಣಿನಲ್ಲಿ ಎತ್ತರದ ಹುಲ್ಲುಗಳು ಬೆಳೆದು ಇಂಥ ಕುಳ್ಳು ಗಿಡಗಳಿಗೆ ಬೆಳಕು ಸಿಗದಂತೆ ಮಾಡುತ್ತವೆ. ಆದುದರಿಂದ ಪರ್ವತಗಳ ನಡುವಣ ಬಯಲು ಅದಕ್ಕೆ ಕಡಲಿದ್ದಂತೆ; ಒಂದೊಂದು ಶಿಖರವೂ ಒಂದೊಂದು ದ್ವೀಪ. ತನ್ನ ನೆಲೆಯಲ್ಲಿ ಗುಂಪಾಗಿ ಬೆಳೆದಿದ್ದರೂ ಅಂಥ ನೆಲೆಗಳೇ ಕೆಲವಾದ್ದರಿಂದ ಅದು ವಿರಳ ಎನಿಸುತ್ತದೆ.

ಚಟುವಟಿಕೆ

1. ಒಂದು ಹುರುಳಿ ಅಥವಾ ಶೇಂಗಾ ಗಿಡವನ್ನು ಬೇರುಸಹಿತ ಮೆಲ್ಲನೆ ಕಿತ್ತು, ತೊಳೆದು, ಬೇರುಗಂಟುಗಳನ್ನು ತೋರಿಸುವುದು. ಕತ್ತರಿಸಿದಾಗ ಗಂಟಿನ ಒಳಭಾಗ ನಸುಗೆಂಪಾಗಿದ್ದರೆ ಅದು ಸಾರಜನಕವನ್ನು ಹಿಡಿದಿಡುತ್ತಿದೆಯೆಂದು ತಿಳಿಯಬಹುದು.

2. ಸರಾಸರಿಯಾಗಿ 1000 ಮೀಟರ್ ಏರಿದರೆ ಉಷ್ಣತೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಭೂಮಿಯ ಹವೆ 2 ಡಿಗ್ರಿ ಬಿಸಿಯಾದರೆ ಹಿಂದಿನ ತಂಪಿಗಾಗಿ ಗಿಡವು ಎಷ್ಟು ಮೇಲೇರಬೇಕು? ಉತ್ತರ: ಸುಮಾರು 300 ಮೀಟರ್. ಸ್ಲೊವೇನಿಯದ ಸುಣ್ಣಕಲ್ಲಿನ ಶಿಖರ ಟ್ರಿಗ್ಲಾವ್ 2864 ಮೀಟರ್ ಎತ್ತರದ್ದು. ಅಂಥ ಪರ್ವತದಲ್ಲಿ 2500 ಮೀಟರಿನಲ್ಲಿರುವ ಗಿಡಕ್ಕೆ ಆಮೇಲೆ ಉಳಿಯುವ ಜಾಗವೆಷ್ಟು? ಮಣ್ಣಿನಿಂದ ಶಂಕುವಿನಾಕಾರದ ಗುಡ್ಡವೊಂದನ್ನು ಮಾಡಿಸಿ, ಮೇಲೇರಿದಂತೆ ಸುತ್ತಳತೆ ಕಿರಿದಾಗುವುದನ್ನು ದಾರದಿಂದ ಅಳೆಯಿಸಬೇಕು. ತುದಿಯಲ್ಲಿ ಬಂಡೆಯೇ ಹೆಚ್ಚು, ಮಣ್ಣು ಕಡಿಮೆ ಎಂಬುದನ್ನೂ ನೆನಪಿಸಬೇಕು.

ಮೌಲ್ಯಮಾಪನ

1. ಮಳೆ ಬಿದ್ದರೂ ಸುಣ್ಣಕಲ್ಲಿನ ನೆಲ ಬೇಗ ಒಣಗುವುದೇಕೆ?
2. ಬಿಳಿ ಕ್ಲೋವರಿಗೂ ನೋರಿಕಂ ಕ್ಲೋವರಿಗೂ ಇರುವ ವ್ಯತ್ಯಾಸವನ್ನು ಬರೆಯಿರಿ.
3. ಒಂದು ಸಸ್ಯವನ್ನು ಉಳಿಸಲು ಅದರ ಬೀಜವನ್ನಷ್ಟೇ ಕಾಪಾಡಿದರೆ ಸಾಕೇ? ನಿಮ್ಮ ಊರಿನ ಒಂದು ಗಿಡವನ್ನು ಉದಾಹರಿಸಿ ಚರ್ಚಿಸಿರಿ.