ತಪ್ಪಿಗೆ ತಕ್ಕ ಪದ

ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಮಳೆ ಕಡಿಮೆ ಬೀಳುವ ಸೀಮೆಗೆ ಸೇರಿದವು. ಬಿದ್ದ ಮಳೆಯನ್ನು ಕಟ್ಟಿ ನಿಲ್ಲಿಸಿಕೊಂಡರೆ ಇಲ್ಲಿ ಬೆಳೆಯುಂಟು, ಬಾವಿಯಲ್ಲಿ ನೀರುಂಟು. ಆದುದರಿಂದಲೇ ಇಲ್ಲಿಯ ಎಷ್ಟೋ ಊರುಗಳ ಹೆಸರಿನಲ್ಲಿ ಕೆರೆ ಸೇರಿಕೊಂಡಿದೆ. ಶಿರಾ ತಾಲ್ಲೂಕಿನ ತಾವರೆಕೆರೆ ಅಂತಹ ಒಂದು ಊರು, ಕೊರಟಗೆರೆ ಇನ್ನೊಂದು.

ಕೆರೆಗೆ ಏರಿ, ತೂಬು, ಕೋಡಿ ಎಂಬ ಮೂರು ಮುಖ್ಯ ಅಂಗಗಳಿವೆ. ಏರಿ ನೀರನ್ನು ತಡೆಯುತ್ತದೆ. ತೂಬು ಗದ್ದೆಗೆ ನೀರು ಬಿಡುತ್ತದೆ. ಹೆಚ್ಚಾದ ನೀರು ಕೋಡಿಯಿಂದ ಹೊರಕ್ಕೆ ಹರಿಯುತ್ತದೆ. ತೂಬನ್ನು ತೆರೆದು ಮುಚ್ಚಿ, ಸರದಿಯಂತೆ ನೀರು ಹಂಚುವ ಕೆಲಸ ಹಿಂದೆ ನೀರುಗಂಟಿಯದು. ಹೂಳೆತ್ತುವ, ಏರಿಗೆ ಮಣ್ಣು ಹಾಕುವ ಕೆಲಸ ಊರಿನ ರೈತರದು. ಇಂತಹ ಕೆರೆಯೊಂದು ಮಳೆಗಾಲದ ಒಂದು ರಾತ್ರಿ ಒಡೆಯಿತೆಂದು ಭಾವಿಸೋಣ. "ಮಳೆ ಹೆಚ್ಚಾಯಿತು, ಕೆರೆ ಒಡೆಯಿತು" ಎಂದು ಜನ ಹೇಳುತ್ತಾರೆ. ಈ ಮಾತಿನಲ್ಲಿ ವ್ಯಾಕರಣದೋಷವಿಲ್ಲ. ಆದರೆ ಇದರಲ್ಲಿ ಮಳೆ ಇದೆ, ಕೆರೆ ಇದೆ. ಮನುಷ್ಯ ಮಾತ್ರ ಇಲ್ಲ.

ನಡೆದುದೇನು? ಬೇಸಗೆಯಲ್ಲಿಯೇ ಹೆಗ್ಗಣಗಳು ಏರಿಯಲ್ಲಿ ಬಿಲ ತೋಡಿದ್ದವು. ಒಬ್ಬನು ದಿನವೂ ಏರಿಯ ಮೇಲೆ ನಡೆದರೂ ಅದರತ್ತ ಲಕ್ಷ್ಯ ಕೊಡಲಿಲ್ಲ. ಅದು ಅಲಕ್ಷ್ಯ. ಎರಡನೆಯವನು ಬಿಲವನ್ನು ಕಂಡು, "ಇಷ್ಟು ಸಣ್ಣದು ಏನು ಮಾಡೀತು?" ಎಂದನು. ಕಂಡೂ ಗಣಿಸದಿರುವುದು ಉಪೇಕ್ಷೆ. 'ಈಕ್ಷೆ' ಎಂದರೆ ನೋಟ. ಮೂರನೆಯವನು, "ನನ್ನ ಗದ್ದೆ ಈ ಕೆರೆಯ ಕೆಳಗಿಲ್ಲ" ಎಂದನು. ಅವನದು ಉದಾಸೀನ, ಅಂದರೆ ದೂರ ಕುಳಿತವನ ಭಾವ. ನಾಲ್ಕನೆಯವನು "ನಾಳೆ ಮುಚ್ಚೋಣ" ಎನ್ನುತ್ತ ದಿನ ತಳ್ಳಿದನು. ನೂಲನ್ನು ಎಳೆದೆಳೆದು ಉದ್ದಮಾಡುವಂತಹ ಈ ಗುಣವೇ ದೀರ್ಘಸೂತ್ರತೆ. ಐದನೆಯವನು ಮಣ್ಣು ಹೊರುವ ದಿನ ತಲೆನೋವೆಂದು ಮಲಗಿದನು. ಅವನು ಮೈಗಳ್ಳ. ಮೈ + ಕಳ್ಳ ಎಂಬಲ್ಲಿ ಕಕಾರಕ್ಕೆ ಗಕಾರ ಆದೇಶವಾಗಿದೆ. ಅವನು ಕದ್ದುದು ತನ್ನ ಮೈಯನ್ನೇ! ಆರನೆಯವನು ಬಂದು, ಎರಡು ಬುಟ್ಟಿ ಮಣ್ಣು ಸುರಿದು, ಗಟ್ಟಿಸದೆ ಹೊರಟುಹೋದನು. ಅದು ಅಸಡ್ಡೆ, 'ಅಶ್ರದ್ಧೆ'ಯ ತದ್ಭವ.

ಆ ರಾತ್ರಿ ಕೆರೆಯ ಬಳಿ ಇರಬೇಕಾಗಿದ್ದ ನೀರುಗಂಟಿ ಮನೆಯಲ್ಲಿ ನಿದ್ರಿಸಿದನು. ಅವನದು ಕರ್ತವ್ಯಲೋಪ. ನೀವು ಲೋಪಸಂಧಿಯನ್ನು ಕಲಿತಿದ್ದೀರಿ. ಊರು + ಅಲ್ಲಿ ಎಂಬುದು 'ಊರಲ್ಲಿ' ಆದಾಗ ಇದ್ದ ಉಕಾರ ಕಾಣದಾಗುತ್ತದೆ. ಇರಬೇಕಾದ ಕರ್ತವ್ಯ ಇರಬೇಕಾದ ಸ್ಥಳದಲ್ಲಿ ಕಾಣದಾಗುವುದೇ ಕರ್ತವ್ಯಲೋಪ. ಸಂಧಿಯಲ್ಲಿ ಲೋಪವಾದರೂ ಅರ್ಥ ಕೆಡದು. ಕರ್ತವ್ಯದಲ್ಲಿ ಲೋಪವಾದರೆ ಊರೇ ಕೆಡುತ್ತದೆ.

"ಕೆರೆಯಲ್ಲಿಯೇ ದೋಷವಿತ್ತು" ಎಂದು ಕೆಲವರು ನುಣುಚಿಕೊಳ್ಳಬಹುದು. ಕೆರೆಗೆ ದೋಷಗಳಿರುವುದು ನಿಜ. ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯ 1369ರ ಶಾಸನವು, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸಿದೆ. ಏರಿಯಿಂದ ನೀರು ಜಿನುಗುವುದು ಆ ದೋಷಗಳಲ್ಲೊಂದು. ದೋಷ ಮಣ್ಣಿಗೂ ಕಲ್ಲಿಗೂ ಇರಬಹುದು. ಉಪೇಕ್ಷೆ, ಉದಾಸೀನ, ಲೋಪಗಳು ಮನುಷ್ಯನಿಗೆ ಮಾತ್ರ. ಕೆರೆಯ ದೋಷವನ್ನು ಅರಿತೂ ತಿದ್ದದಿದ್ದರೆ ಅದು ನಮ್ಮ ಲೋಪವಾಗುತ್ತದೆ.

ತಪ್ಪಿಗೆ ತಕ್ಕ ಪದವನ್ನು ಆರಿಸುವುದು ಪಾಂಡಿತ್ಯಕ್ಕಾಗಿ ಅಲ್ಲ. ಅಲಕ್ಷ್ಯ ತೋರಿದವನಿಗೆ ಬಿಲವನ್ನು ತೋರಿಸಿದರೆ ಸಾಕು; ಮೈಗಳ್ಳನ ಕೈಗೆ ಗುದ್ದಲಿಯನ್ನೇ ಕೊಡಬೇಕು. ರೋಗ ತಿಳಿಯದೆ ಮದ್ದು ಕೊಡಲಾಗದು. ಇನ್ನೊಂದು ಎಚ್ಚರವೂ ಅಗತ್ಯ. ನಮ್ಮ ತಪ್ಪಿಗೆ 'ಮರೆವು' ಎಂಬ ಮೆತ್ತನೆಯ ಪದವನ್ನೂ, ಪರರ ಅದೇ ತಪ್ಪಿಗೆ 'ಬೇಜವಾಬ್ದಾರಿ' ಎಂಬ ಕಟುವಾದ ಪದವನ್ನೂ ಬಳಸುವುದು ನಮ್ಮ ರೂಢಿ. ಎರಡಕ್ಕೂ ಒಂದೇ ಅಳತೆಗೋಲಿರಬೇಕು.

1976ರ ತಿದ್ದುಪಡಿಯಿಂದ ನಮ್ಮ ಸಂವಿಧಾನಕ್ಕೆ ಮೂಲಭೂತ ಕರ್ತವ್ಯಗಳು ಸೇರಿದವು. ಕೆರೆಗಳನ್ನೂ ಸಾರ್ವಜನಿಕ ಸ್ವತ್ತನ್ನೂ ಕಾಪಾಡುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದು ಅಲ್ಲಿ ಹೇಳಿದೆ. ಆದುದರಿಂದ ಲೋಪ ನೀರುಗಂಟಿಯೊಬ್ಬನದಲ್ಲ. "ಕೆರೆ ಒಡೆಯಿತು" ಎನ್ನುವ ಬದಲು "ಏರಿಯನ್ನು ನಾವು ಕಾಯಲಿಲ್ಲ" ಎಂದು ಹೇಳಬಲ್ಲ ಊರು ಮುಂದಿನ ಮಳೆಗಾಲಕ್ಕೆ ಮೊದಲು ಗುದ್ದಲಿ ಹಿಡಿಯುತ್ತದೆ.

ಅಭ್ಯಾಸ

1. ಅಲಕ್ಷ್ಯಕ್ಕೂ ಉಪೇಕ್ಷೆಗೂ ಇರುವ ವ್ಯತ್ಯಾಸವೇನು?
2. 'ದೋಷ', 'ಲೋಪ' ಪದಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ.
3. "ಗಾಜು ಒಡೆಯಿತು", "ಪುಸ್ತಕ ಕಳೆದುಹೋಯಿತು" – ಈ ವಾಕ್ಯಗಳನ್ನು ಕರ್ತೃ ಕಾಣುವಂತೆ ತಿರುಗಿಸಿ ಬರೆಯಿರಿ.