ಟರ್ಬೊ ವಾಹನಕ್ಕೆ ಹೊಸ ಸೈಲೆನ್ಸರ್: ವೆಚ್ಚವೆಷ್ಟು, ಶಕ್ತಿಯೆಷ್ಟು?

ಸರಕು ಸಾಗಿಸುವ ಪಿಕಪ್ ಆಗಲಿ, ಮಾಲೀಕರು ಸ್ವತಃ ಬಳಸುವ ಕಾರಾಗಲಿ, ಇಂದು ನಮ್ಮ ವರ್ತಕರ ಬಳಿ ಇರುವ ಡೀಸೆಲ್ ವಾಹನಗಳಲ್ಲಿ ಬಹುಪಾಲು ಟರ್ಬೊ ಅಳವಡಿಸಿದವೇ ಆಗಿವೆ. ಇಂತಹ ವಾಹನಗಳಿಗೆ ಕಂಪನಿಯ ಸೈಲೆನ್ಸರ್ ತೆಗೆದು, ಅಗಲವಾದ ‘ಫ್ರೀ ಫ್ಲೋ’ ಕೊಳವೆ ಕೂರಿಸಿದರೆ ಶಕ್ತಿಯೂ ಮೈಲೇಜೂ ಹೆಚ್ಚುವುವೆಂಬ ಮಾತು ಪೇಟೆಯಲ್ಲಿ ಕೇಳಿಬರುತ್ತದೆ. ಈ ಮಾತಿನಲ್ಲಿ ಸತ್ಯಾಂಶವಿದೆಯೇ, ಇದ್ದರೆ ಅದರ ಬೆಲೆಯೇನು ಎಂಬುದನ್ನು ಲೆಕ್ಕದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕೊಳ್ಳುವ ವರ್ತಕರಿಗೂ, ಇಂತಹ ಕೊಳವೆಗಳನ್ನು ತಯಾರಿಸುವ ಸಣ್ಣ ಉದ್ದಿಮೆದಾರರಿಗೂ ಈ ಲೆಕ್ಕ ಸಮಾನವಾಗಿ ಅಗತ್ಯ.

ತತ್ತ್ವವೇನು?

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ ಟರ್ಬೊ ತತ್ತ್ವ ಸರಳವಾದುದು. ಎಂಜಿನ್ನಿನಿಂದ ಹೊರಬರುವ ಬಿಸಿ ಹೊಗೆ ಒಂದು ಟರ್ಬೈನನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಜೋಡಿಸಿದ ಕಂಪ್ರೆಸರ್ ಹೆಚ್ಚಿನ ಗಾಳಿಯನ್ನು ಎಂಜಿನ್ನಿಗೆ ಒತ್ತಿ ತುಂಬುತ್ತದೆ. ಟರ್ಬೈನಿನ ಮುಂದಿನ ಮತ್ತು ಹಿಂದಿನ ಒತ್ತಡಗಳ ಅನುಪಾತವೇ ಅದನ್ನು ತಿರುಗಿಸುವ ಬಲ. ಆದ್ದರಿಂದ ಟರ್ಬೈನಿನ ನಂತರದ ಕೊಳವೆಯಲ್ಲಿ ಅಡೆತಡೆ, ಅಂದರೆ ಹಿಮ್ಮುಖ ಒತ್ತಡ, ಕಡಿಮೆಯಾದಷ್ಟೂ ಟರ್ಬೊ ಬೇಗ ವೇಗ ಪಡೆಯುತ್ತದೆ. ಹೊಗೆಯನ್ನು ಹೊರದಬ್ಬಲು ಎಂಜಿನ್ ವ್ಯಯಿಸುವ ಶ್ರಮವೂ ತಗ್ಗುತ್ತದೆ. ಇಷ್ಟರ ಮಟ್ಟಿಗೆ ಮಾರಾಟಗಾರರ ವಾದ ಸರಿಯೇ ಆಗಿದೆ. ಪ್ರಶ್ನೆ ಇರುವುದು ಪ್ರಮಾಣದಲ್ಲಿ.

ಒಂದು ಲೆಕ್ಕ

2 ಲೀಟರ್ ಸಾಮರ್ಥ್ಯದ, 100 ಕಿಲೋವಾಟ್ ಅಂದರೆ ಸುಮಾರು 136 ಅಶ್ವಶಕ್ತಿಯ ಎಂಜಿನ್ನನ್ನು ತೆಗೆದುಕೊಳ್ಳೋಣ. ನಿಮಿಷಕ್ಕೆ 4,000 ಸುತ್ತು ತಿರುಗುವಾಗ ಅದರ ಸಿಲಿಂಡರುಗಳು ಸೆಕೆಂಡಿಗೆ ಸುಮಾರು 67 ಲೀಟರ್ ಗಾತ್ರವನ್ನು ಹೊರದಬ್ಬುತ್ತವೆ. ಕಂಪನಿಯ 63 ಮಿಲಿಮೀಟರ್ ಕೊಳವೆಯಲ್ಲಿ 20 ಕಿಲೋಪ್ಯಾಸ್ಕಲ್ ಒತ್ತಡ ನಷ್ಟವಾಗುತ್ತಿದೆಯೆಂದು ಧಾರಾಳವಾಗಿಯೇ ಭಾವಿಸೋಣ. ಇಂತಹ ನಷ್ಟವು ಕೊಳವೆಯ ವ್ಯಾಸದ ಐದನೆಯ ಘಾತಕ್ಕೆ ಹೆಚ್ಚುಕಡಿಮೆ ವಿಲೋಮವಾಗಿರುತ್ತದೆ. ಹೀಗಾಗಿ 76 ಮಿಲಿಮೀಟರ್ ಕೊಳವೆ ಹಾಕಿದರೆ ನಷ್ಟ ಸುಮಾರು 8 ಕಿಲೋಪ್ಯಾಸ್ಕಲ್‌ಗೆ ಇಳಿಯುತ್ತದೆ, ಉಳಿತಾಯ 12. ಟರ್ಬೈನಿನ ಒತ್ತಡ ಅನುಪಾತ 2 ಆಗಿದ್ದು ಅದು ಬದಲಾಗದಿದ್ದರೆ, ಎಂಜಿನ್ ಎದುರಿಸುವ ಒತ್ತಡ 24 ಕಿಲೋಪ್ಯಾಸ್ಕಲ್‌ನಷ್ಟು ತಗ್ಗುತ್ತದೆ. ಇದರಿಂದ ಉಳಿಯುವ ಶಕ್ತಿ ಸುಮಾರು 1.6 ಕಿಲೋವಾಟ್, ಅಂದರೆ ಶೇಕಡ 1.6.

ಇನ್ನೂ ಮುಂದುವರಿದು 89 ಮಿಲಿಮೀಟರ್ ಕೊಳವೆ ಹಾಕಿದರೆ ಹೆಚ್ಚುವರಿಯಾಗಿ ದೊರೆಯುವುದು 0.6 ಕಿಲೋವಾಟ್ ಮಾತ್ರ. ವ್ಯಾಸ ಹೆಚ್ಚಿದಂತೆ ಲಾಭ ಕುಗ್ಗುತ್ತಲೇ ಹೋಗುತ್ತದೆ.

ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಇಂದಿನ ವಾಹನಗಳಲ್ಲಿ ಟರ್ಬೊ ಒತ್ತಡವನ್ನೂ ಇಂಧನದ ಪ್ರಮಾಣವನ್ನೂ ನಿರ್ಧರಿಸುವುದು ಇಸಿಯು ಎಂಬ ಎಲೆಕ್ಟ್ರಾನಿಕ್ ನಿಯಂತ್ರಕ. ಅದು ಕೇಳದ ಶಕ್ತಿಯನ್ನು ಕೊಳವೆ ಒದಗಿಸಲಾರದು. ದೊಡ್ಡ ಏರಿಕೆ ಬರುವುದು ಇಸಿಯುವಿನ ತಂತ್ರಾಂಶವನ್ನು ಬದಲಿಸಿದಾಗ, ಅಂದರೆ ರೀಮ್ಯಾಪ್ ಮಾಡಿದಾಗ. ಆ ಏರಿಕೆಯ ಶ್ರೇಯಸ್ಸನ್ನು ಕೊಳವೆಗೆ ಕೊಡುವುದು ಸರಿಯಲ್ಲ. ಸದ್ದು ಹೆಚ್ಚಿದೊಡನೆ ಶಕ್ತಿಯೂ ಹೆಚ್ಚಿತೆಂದು ಭಾವಿಸುವುದು ಇನ್ನೊಂದು ಸಾಮಾನ್ಯ ತಪ್ಪು.

ರೂಪಾಯಿಯ ಲೆಕ್ಕ

ಕೊಳವೆ ಮತ್ತು ಅಳವಡಿಕೆಗೆ 40,000 ರೂಪಾಯಿ ಎಂದಿಟ್ಟುಕೊಳ್ಳೋಣ. ಸದಸ್ಯರು ಇದರ ಜಾಗದಲ್ಲಿ ತಮಗೆ ಬಂದ ದರಪಟ್ಟಿಯ ಮೊತ್ತವನ್ನು ಹಾಕಿಕೊಳ್ಳಬಹುದು. ಮೇಲಿನ ಲೆಕ್ಕದಂತೆ ಒಂದು ಕಿಲೋವಾಟ್‌ಗೆ ಬೀಳುವ ಬೆಲೆ 25,000 ರೂಪಾಯಿ. ಇದಕ್ಕೆ 30,000 ರೂಪಾಯಿಯ ರೀಮ್ಯಾಪ್ ಸೇರಿ ಒಟ್ಟು 12 ಕಿಲೋವಾಟ್ ಹೆಚ್ಚಿತೆನ್ನೋಣ. ಆಗ ಸರಾಸರಿ ಬೆಲೆ 5,800 ರೂಪಾಯಿ ಚಿಲ್ಲರೆಗೆ ಇಳಿದು ವ್ಯವಹಾರ ಆಕರ್ಷಕವಾಗಿ ಕಾಣುತ್ತದೆ. ಆದರೆ ರೀಮ್ಯಾಪ್ ಒಂದರಿಂದಲೇ 10 ಕಿಲೋವಾಟ್ ಬರುವುದಾದರೆ, ಕೊಳವೆ ತಂದುಕೊಟ್ಟದ್ದು 2 ಕಿಲೋವಾಟ್ ಮಾತ್ರ; ಅದರ ಬೆಲೆ ಕಿಲೋವಾಟ್‌ಗೆ 20,000 ರೂಪಾಯಿ. ಎರಡು ಕೆಲಸಗಳನ್ನು ಒಂದೇ ಬಿಲ್ಲಿನಲ್ಲಿ ಸೇರಿಸಿದಾಗ ದುಬಾರಿಯಾದದ್ದು ಅಗ್ಗವಾದುದರ ಹಿಂದೆ ಅಡಗಿಕೊಳ್ಳುತ್ತದೆ.

ಮೈಲೇಜಿನ ಮಾತು ಇನ್ನೂ ದುರ್ಬಲವಾದುದು. ಹೊಗೆಯ ಹರಿವು ಅರ್ಧಕ್ಕೆ ಇಳಿದರೆ ಕೊಳವೆಯ ಒತ್ತಡ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ನಿಮಿಷಕ್ಕೆ 2,000 ಸುತ್ತಿನಲ್ಲಿ ಸಾಗುವ ವಾಹನಕ್ಕೆ ಹೊಸ ಕೊಳವೆಯಿಂದ ಉಳಿಯುವ ಶಕ್ತಿ 0.2 ಕಿಲೋವಾಟ್ ದಾಟದು. ಆದರೂ ಶೇಕಡ 1ರಷ್ಟು ಇಂಧನ ಉಳಿಯಿತೆಂದೇ ಒಪ್ಪೋಣ. ತಿಂಗಳಿಗೆ 3,000 ಕಿಲೋಮೀಟರ್ ಓಡಿ, ಲೀಟರಿಗೆ 12 ಕಿಲೋಮೀಟರ್ ಕೊಡುವ ವಾಹನಕ್ಕೆ ಬೇಕಾಗುವುದು 250 ಲೀಟರ್. ಉಳಿಯುವುದು ಎರಡೂವರೆ ಲೀಟರ್. ಲೀಟರಿಗೆ 90 ರೂಪಾಯಿಯಂತೆ ತಿಂಗಳಿಗೆ 225 ರೂಪಾಯಿ. ಹಾಕಿದ 40,000 ರೂಪಾಯಿ ಹಿಂದಿರುಗಲು ಸುಮಾರು 15 ವರ್ಷ ಕಾಯಬೇಕು. ಬಂಡವಾಳದ ಬಡ್ಡಿ ಬೇರೆ.

ಕಾನೂನಿನ ಎಲ್ಲೆ

ಹಿಮ್ಮುಖ ಒತ್ತಡದ ಗಣನೀಯ ಪಾಲು ಬರುವುದು ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಡೀಸೆಲ್ ಮಸಿ ಸೋಸುವ ಡಿಪಿಎಫ್‌ನಿಂದ. ಅವನ್ನು ಕಿತ್ತರೆ ಶಕ್ತಿ ಹೆಚ್ಚಬಹುದು. ಆದರೆ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡಕ್ಕೆ ವಾಹನ ಹೊರತಾಗುತ್ತದೆ. ನೋಂದಣಿಯ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಪ್ರಕರಣ ನಿರ್ಬಂಧಿಸುತ್ತದೆ. ತಯಾರಕರ ಮೂಲ ನಿರ್ದಿಷ್ಟತೆಗೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಅದೇ ವರ್ಷದ ತಿದ್ದುಪಡಿಯು ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡ ಮೀರಿದವರಿಗೆ 10,000 ರೂಪಾಯಿಯವರೆಗಿನ ದಂಡವನ್ನು ಗೊತ್ತುಪಡಿಸಿತು. ದಂಡಕ್ಕಿಂತ ದೊಡ್ಡ ನಷ್ಟವೆಂದರೆ ವಾರಂಟಿ ಕೈತಪ್ಪುವುದು ಮತ್ತು ಅಪಘಾತದ ಸಂದರ್ಭದಲ್ಲಿ ವಿಮಾ ಪರಿಹಾರ ವಿವಾದಕ್ಕೆ ಸಿಲುಕುವುದು. ಆದ್ದರಿಂದ ಕೈಹಾಕುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿ ಮತ್ತು ವಿಮಾ ಕಂಪನಿಯಿಂದ ಲಿಖಿತ ಉತ್ತರ ಪಡೆಯುವುದು ಕ್ಷೇಮ. ರಸ್ತೆಗಿಳಿಯದೆ ರೇಸ್ ಟ್ರ್ಯಾಕಿನಲ್ಲಷ್ಟೇ ಓಡುವ ವಾಹನದ ಲೆಕ್ಕ ಬೇರೆ. ಅಲ್ಲಿ ಒಂದೊಂದು ಕಿಲೋವಾಟ್‌ಗೂ ಬೆಲೆಯಿದೆ.

ತಯಾರಕರು ಗಮನಿಸಬೇಕಾದುದು

ಕೊಳವೆಗೆ ಸಾಮಾನ್ಯವಾಗಿ ಬಳಕೆಯಾಗುವುದು 409 ಮತ್ತು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಶೇಕಡ 11ರಷ್ಟು ಕ್ರೋಮಿಯಂ ಇರುವ 409 ಅಗ್ಗ. ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕಲ್ ಇರುವ 304 ತುಕ್ಕನ್ನು ಹೆಚ್ಚು ತಡೆಯುತ್ತದೆ. ಆದರೆ ದುಬಾರಿ, ಬಿಸಿಗೆ ಹೆಚ್ಚು ಹಿಗ್ಗುತ್ತದೆ. ಹಿಗ್ಗುವಿಕೆಗೆ ಅವಕಾಶವಾಗಿ ಬೆಲ್ಲೋಸ್ ಕೂರಿಸದಿದ್ದರೆ ಬೆಸುಗೆ ಬಿರುಕು ಬಿಡುತ್ತದೆ. ಬಾಗು ಇರುವಲ್ಲಿ ಕೊಳವೆ ಚಪ್ಪಟೆಯಾದರೆ ವ್ಯಾಸ ಹೆಚ್ಚಿಸಿದ ಪ್ರಯೋಜನ ಅಲ್ಲೇ ಕಳೆದುಹೋಗುತ್ತದೆ. ಕರಪತ್ರದಲ್ಲಿ ‘ಶೇಕಡ 15 ಹೆಚ್ಚಿನ ಶಕ್ತಿ’ ಎಂದು ಮುದ್ರಿಸುವ ಬದಲು, ಯಾವ ವಾಹನದಲ್ಲಿ ಎಷ್ಟು ಅಳತೆಗೆ ಸಿಕ್ಕಿತೆಂದು ತೋರಿಸುವುದೇ ಬಾಳಿಕೆಯ ವ್ಯಾಪಾರ. ದಾರಿತಪ್ಪಿಸುವ ಜಾಹೀರಾತನ್ನು ಪ್ರಶ್ನಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ನೀಡಿದೆಯೆಂಬುದನ್ನು ಮರೆಯುವಂತಿಲ್ಲ.

ಕೊಳ್ಳುವ ಮುನ್ನ

1. ವಾಹನ ಮೊದಲಿನಂತೆ ಎಳೆಯುತ್ತಿಲ್ಲವಾದರೆ ಏರ್ ಫಿಲ್ಟರ್, ಇಂಟರ್‌ಕೂಲರ್ ಹೋಸ್, ಕಟ್ಟಿಕೊಂಡ ಡಿಪಿಎಫ್, ಒಳಗೆ ಕುಸಿದ ಸೈಲೆನ್ಸರ್ ಇವುಗಳನ್ನು ಪರೀಕ್ಷಿಸಿರಿ. ಕಳೆದುಹೋದ ಶಕ್ತಿಯನ್ನು ಮರಳಿ ಪಡೆಯುವುದು ಹೊಸದನ್ನು ಕೊಳ್ಳುವುದಕ್ಕಿಂತ ಸಾಮಾನ್ಯವಾಗಿ ಅಗ್ಗ.

2. ಕೆಲಸದ ಮುನ್ನ ಮತ್ತು ನಂತರ ಒಂದೇ ಡೈನೋದಲ್ಲಿ, ಒಂದೇ ಗೇರಿನಲ್ಲಿ, ಮೂರು ಮೂರು ಬಾರಿ ಅಳತೆ ಮಾಡಿಸಿರಿ. ಮೂರು ಅಳತೆಗಳ ನಡುವಿನ ಅಂತರಕ್ಕಿಂತ ಏರಿಕೆ ಚಿಕ್ಕದಾಗಿದ್ದರೆ ಅದನ್ನು ಲಾಭವೆಂದು ಬರೆದುಕೊಳ್ಳಬೇಡಿರಿ.

3. ಕೊಳವೆ ಮತ್ತು ರೀಮ್ಯಾಪ್‌ಗೆ ಪ್ರತ್ಯೇಕ ದರ ಕೇಳಿರಿ.

4. ವಾಹನ ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆ ನಷ್ಟವನ್ನೂ ವೆಚ್ಚಕ್ಕೆ ಸೇರಿಸಿರಿ.

5. ಕಂಪನಿಯ ಮೂಲ ಸೈಲೆನ್ಸರನ್ನು ಗುಜರಿಗೆ ಹಾಕದೆ ಜೋಪಾನವಾಗಿಡಿರಿ.

ದುಡಿಯುವ ವಾಹನವೂ ಅಂಗಡಿಯ ಬಂಡವಾಳವೇ. ಅಂಗಡಿಗೆ ಬಂದ ಸರಕನ್ನು ತೂಕ ಮಾಡಿಸದೆ ಹಣ ಕೊಡದ ನಾವು, ಶಕ್ತಿಯನ್ನು ಕೊಳ್ಳುವಾಗ ಮಾತ್ರ ಅಳತೆ ಕೇಳದಿರುವುದು ವ್ಯಾಪಾರಧರ್ಮಕ್ಕೆ ಹೊಂದುವುದಿಲ್ಲ.