ಅಳತೆ ಮತ್ತು ಅಭಿಪ್ರಾಯ

ಮನುಷ್ಯನಿಗೆ ಅಭಿಪ್ರಾಯವು ಬಹು ಸುಲಭವಾಗಿ ಹುಟ್ಟುತ್ತದೆ. ಅಳತೆ ಮಾತ್ರ ಶ್ರಮವಿಲ್ಲದೆ ದೊರೆಯುವುದಿಲ್ಲ. ನಾಲ್ಕು ಜನ ಸೇರಿದ ಕಡೆ ನಡೆಯುವ ಮಾತುಕತೆಯನ್ನು ಗಮನವಿಟ್ಟು ಕೇಳಿದರೆ, ವಿಜ್ಞಾನ, ಯಂತ್ರ, ರಾಜಕೀಯ ಈ ಮೂರೂ ಒಂದೇ ವಾಕ್ಯದಲ್ಲಿ ಬೆರೆತು ಬರುವುದು ಕಂಡುಬರುತ್ತದೆ. ಹೀಗೆ ಬೆರೆತುದನ್ನು ಬಿಡಿಸಿ ನೋಡುವುದು ಹೇಗೆಂಬುದನ್ನು ಕಲಿಯುವುದೇ ಈ ಪಾಠದ ಉದ್ದೇಶ. ಇದಕ್ಕೆ ಉದಾಹರಣೆಯಾಗಿ ನಮ್ಮೆಲ್ಲರಿಗೂ ಪರಿಚಿತವಾದ ಮೊಬೈಲ್ ಟವರನ್ನು ತೆಗೆದುಕೊಳ್ಳೋಣ.

“ನಮ್ಮ ಬೀದಿಗೆ ಟವರು ಬಂದ ಮೇಲೆ ಕಾಯಿಲೆ ಹೆಚ್ಚಾಯಿತು. ಅದರ ವಿಕಿರಣವೇ ಕಾರಣ. ಸರ್ಕಾರಕ್ಕೆ ಇದು ಗೊತ್ತಿದ್ದರೂ ಸುಮ್ಮನಿದೆ.” ಇಂಥ ಮಾತನ್ನು ಕೇಳದವರು ವಿರಳ. ಇದಕ್ಕೆ ಎದುರಾಗಿ, “ಟವರಿನಿಂದ ಏನೂ ಆಗುವುದಿಲ್ಲವೆಂದು ವಿಜ್ಞಾನವೇ ಸಾಧಿಸಿಬಿಟ್ಟಿದೆ, ಬೇಡವೆನ್ನುವವರು ಮೂಢರು” ಎಂದು ಹೇಳುವವರೂ ಉಂಟು. ಎರಡು ಮಾತುಗಳೂ ತೂಕ ಹಾಕದೆ ಆಡಿದವೇ ಎಂಬುದನ್ನು ಮುಂದೆ ನೋಡುತ್ತೇವೆ.

ಒಂದು ಮಾತು, ಮೂರು ಪ್ರಶ್ನೆಗಳು

ಮೊದಲನೆಯ ಮಾತಿನಲ್ಲಿ ಮೂರು ಬೇರೆ ಬೇರೆ ಹೇಳಿಕೆಗಳಿವೆ. ಕಾಯಿಲೆ ಹೆಚ್ಚಾಯಿತೆಂಬುದು ಎಣಿಕೆಯ ವಿಷಯ. ಮೊದಲು ಎಷ್ಟಿತ್ತು, ಈಗ ಎಷ್ಟಿದೆ, ಟವರಿಲ್ಲದ ಬೀದಿಯಲ್ಲಿ ಎಷ್ಟಿದೆ ಎಂದು ತಿಳಿಯಬೇಕು. ವಿಕಿರಣವೇ ಕಾರಣವೆಂಬುದು ಭೌತವಿಜ್ಞಾನಕ್ಕೂ ಜೀವವಿಜ್ಞಾನಕ್ಕೂ ಸೇರಿದ ವಿಷಯ. ಸರ್ಕಾರ ಸುಮ್ಮನಿದೆಯೆಂಬುದು ರಾಜಕೀಯದ ವಿಷಯ; ಅದಕ್ಕೆ ಆಜ್ಞೆಗಳು, ಕಡತಗಳು, ದಿನಾಂಕಗಳು ಸಾಕ್ಷಿ. ಒಂದಕ್ಕೆ ಬೇಕಾದ ಸಾಕ್ಷ್ಯ ಇನ್ನೊಂದಕ್ಕೆ ಸಲ್ಲುವುದಿಲ್ಲ. ಕಂಪನಿಯೊಂದು ದುರಾಶೆಯದೆಂದು ಸಾಧಿಸಿದರೂ ಅಲೆಯ ಶಕ್ತಿ ಹೆಚ್ಚಾಗುವುದಿಲ್ಲ. ಅಲೆ ದುರ್ಬಲವೆಂದು ಸಾಧಿಸಿದರೂ ಕಂಪನಿ ಸತ್ಯಸಂಧವಾಗುವುದಿಲ್ಲ. ಈ ಸರಳವಾದ ಮಾತನ್ನು ಮರೆಯುವುದರಿಂದಲೇ ಬಹುಪಾಲು ವಾದಗಳು ಕೊನೆಗಾಣುವುದಿಲ್ಲ.

ಅಲೆಯ ಶಕ್ತಿ ಎಷ್ಟು?

ಈಗ ಭೌತವಿಜ್ಞಾನದ ಪ್ರಶ್ನೆಗೆ ಬರೋಣ. ‘ವಿಕಿರಣ’ ಎಂಬ ಪದ ಕಿವಿಗೆ ಬಿದ್ದೊಡನೆ ಅನೇಕರಿಗೆ ಕ್ಷಕಿರಣವೂ ಅಣುಬಾಂಬೂ ನೆನಪಾಗುತ್ತವೆ. ಆದರೆ ದೀಪದ ಬೆಳಕೂ ಒಲೆಯ ಶಾಖವೂ ವಿಕಿರಣವೇ. ಇವೆಲ್ಲವೂ ವಿದ್ಯುತ್ಕಾಂತೀಯ ಅಲೆಗಳು. ಇವುಗಳಲ್ಲಿರುವ ಭೇದವು ಆವೃತ್ತಿಯಲ್ಲಿ, ಎಂದರೆ ಸೆಕೆಂಡಿಗೆ ಎಷ್ಟು ಕಂಪನಗಳೆಂಬುದರಲ್ಲಿ ಇದೆ.

ಅಲೆಯ ಶಕ್ತಿಯು ಬಿಡಿಬಿಡಿ ಕಂತೆಗಳಾಗಿ ವಸ್ತುವನ್ನು ಸೇರುತ್ತದೆಂದು 1905ರಲ್ಲಿ ಐನ್‌ಸ್ಟೈನ್ ತೋರಿಸಿದನು. ಈ ಕಂತೆಗೆ ಫೋಟಾನ್ ಎಂದು ಹೆಸರು. ಒಂದು ಫೋಟಾನಿನ ಶಕ್ತಿಯನ್ನು ತಿಳಿಯಲು ಆವೃತ್ತಿಯನ್ನು ಪ್ಲಾಂಕನ ಸ್ಥಿರಾಂಕದಿಂದ ಗುಣಿಸಬೇಕು. ಶಕ್ತಿಯನ್ನು ಎಲೆಕ್ಟ್ರಾನ್ ವೋಲ್ಟುಗಳಲ್ಲಿ ಅಳೆದರೆ ಈ ಸ್ಥಿರಾಂಕದ ಬೆಲೆ ಸುಮಾರು 4.1 × 10⁻¹⁵.

ಮೊಬೈಲ್ ಸೇವೆಯಲ್ಲಿ ಬಳಸುವ 900 ಮೆಗಾಹರ್ಟ್ಸ್ ಅಲೆ ಸೆಕೆಂಡಿಗೆ 90 ಕೋಟಿ ಸಲ ಕಂಪಿಸುತ್ತದೆ. ಗುಣಿಸಿದರೆ ಇದರ ಫೋಟಾನಿನ ಶಕ್ತಿ ಸುಮಾರು 3.7 × 10⁻⁶ ಎಲೆಕ್ಟ್ರಾನ್ ವೋಲ್ಟ್ ಎಂದು ಬರುತ್ತದೆ. ಹಸುರು ಬೆಳಕಿನ ಫೋಟಾನಿನ ಶಕ್ತಿ ಸುಮಾರು 2.3 ಎಲೆಕ್ಟ್ರಾನ್ ವೋಲ್ಟ್. ಇದು ಟವರಿನ ಫೋಟಾನಿಗಿಂತ ಆರು ಲಕ್ಷ ಪಾಲು ಹೆಚ್ಚು. ಜೀವಕೋಶದ ಅಣುವಿನಲ್ಲಿ ಎರಡು ಕಾರ್ಬನ್ ಪರಮಾಣುಗಳ ಬಂಧವನ್ನು ಮುರಿಯಲು ಮೂರೂವರೆ ಎಲೆಕ್ಟ್ರಾನ್ ವೋಲ್ಟಿನಷ್ಟು ಬೇಕು; ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಅಯಾನನ್ನಾಗಿ ಮಾಡಲು ಸುಮಾರು ಹತ್ತು ಬೇಕು. ಅತಿನೇರಳೆ ಕಿರಣಕ್ಕೆ ಬಂಧ ಮುರಿಯುವ ಸಾಮರ್ಥ್ಯ ಉಂಟು; ಆದುದರಿಂದಲೇ ಬಿಸಿಲಿನ ಅತಿಯಾದ ಸೇವನೆ ಚರ್ಮಕ್ಕೆ ಹಾನಿಕರ. ಕ್ಷಕಿರಣದ ಫೋಟಾನುಗಳಿಗಂತೂ ಸಾವಿರಾರು ಎಲೆಕ್ಟ್ರಾನ್ ವೋಲ್ಟುಗಳ ಶಕ್ತಿ ಇದೆ. ಟವರಿನ ಅಲೆಗೆ ಆ ಬಗೆಯ ಸಾಮರ್ಥ್ಯವಿಲ್ಲ.

“ಒಂದೊಂದು ಫೋಟಾನು ದುರ್ಬಲವಾದರೇನು? ಕೋಟ್ಯನುಕೋಟಿ ಸೇರಿದರೆ?” ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ತೆಂಗಿನಮರದ ಕೆಳಗೆ ಸಾವಿರ ಹುಡುಗರು ನಿಂತು ಕಲ್ಲೆಸೆಯುತ್ತಾರೆಂದು ಭಾವಿಸಿ. ಯಾರ ಕಲ್ಲೂ ಕಾಯಿಯ ಎತ್ತರಕ್ಕೆ ಏರದಿದ್ದರೆ, ಕಲ್ಲುಗಳು ಎಷ್ಟೇ ಇದ್ದರೂ ಕಾಯಿ ಬೀಳುವುದಿಲ್ಲ. ಅಯಾನೀಕರಣದ ವಿಷಯದಲ್ಲಿ ಫೋಟಾನುಗಳ ಸಂಖ್ಯೆಗಿಂತ ಒಂದೊಂದರ ಶಕ್ತಿಯೇ ಮುಖ್ಯ.

ಶಾಖದ ಲೆಕ್ಕ

ಆದರೆ ಕಾಯಿ ಬೀಳದಿದ್ದರೂ ಮರದ ಬುಡಕ್ಕೆ ಏಟು ಬೀಳುತ್ತದಷ್ಟೆ! ದುರ್ಬಲ ಫೋಟಾನುಗಳ ಶಕ್ತಿಯೂ ಒಟ್ಟುಗೂಡಿ ಶಾಖವಾಗುತ್ತದೆ. ಮೈಕ್ರೋವೇವ್ ಒಲೆಯಲ್ಲಿ ಅನ್ನ ಬಿಸಿಯಾಗುವುದು ಹೀಗೆಯೇ. ಆದುದರಿಂದ ರೇಡಿಯೋ ಅಲೆಯಿಂದ ಹಾನಿಯೇ ಅಸಾಧ್ಯವೆನ್ನುವುದು ತಪ್ಪು. ಎಷ್ಟು ಪ್ರಮಾಣದಲ್ಲಿ ಎಂದು ಕೇಳಬೇಕು.

ದೇಹದ ಪ್ರತಿ ಕಿಲೋಗ್ರಾಮಿಗೆ ಸುಮಾರು 4 ವಾಟಿನಂತೆ ರೇಡಿಯೋ ಶಕ್ತಿ ಹೀರಲ್ಪಟ್ಟರೆ ದೇಹದ ಉಷ್ಣತೆ ಸುಮಾರು 1 ಡಿಗ್ರಿ ಸೆಲ್ಸಿಯಸ್ ಏರಬಹುದೆಂದು ಎಣಿಸಲಾಗಿದೆ. ಅಯಾನೀಕರಿಸದ ವಿಕಿರಣಗಳಿಂದ ರಕ್ಷಣೆಗಾಗಿ ಇರುವ ಅಂತರರಾಷ್ಟ್ರೀಯ ಆಯೋಗವು ಇದನ್ನು 50ರಿಂದ ಭಾಗಿಸಿ, ಜನಸಾಮಾನ್ಯರಿಗೆ ಕಿಲೋಗ್ರಾಮಿಗೆ 0.08 ವಾಟ್ ಎಂಬ ಮಿತಿಯನ್ನು ಇರಿಸಿದೆ. 60 ಕಿಲೋಗ್ರಾಂ ತೂಗುವವರಿಗೆ ಇದು 4.8 ವಾಟ್ ಆಗುತ್ತದೆ. ಸುಮ್ಮನೆ ಕುಳಿತಿರುವ ಮನುಷ್ಯನ ದೇಹವೇ ಸುಮಾರು 100 ವಾಟಿನಷ್ಟು ಶಾಖವನ್ನು ಉತ್ಪಾದಿಸುತ್ತಿರುತ್ತದೆಂಬುದನ್ನು ಇದರೊಡನೆ ಹೋಲಿಸಬಹುದು.

ದೂರದ ಲೆಕ್ಕ

ಬಿಂದುವಿನಿಂದ ಹೊರಟ ಅಲೆಯ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆಂದು ನಾವು ಪಾಠದಲ್ಲಿ ಓದಿದ್ದೇವೆ. ಇದನ್ನು ಇಲ್ಲಿ ಪ್ರಯೋಗಿಸೋಣ. ಒಂದು ಆಂಟೆನಾ 20 ವಾಟನ್ನು ಹೊರಸೂಸುತ್ತ, ಅದನ್ನು ಒಂದೇ ದಿಕ್ಕಿಗೆ 50 ಪಾಲು ಕೇಂದ್ರೀಕರಿಸುತ್ತದೆಂದು ಇಟ್ಟುಕೊಳ್ಳೋಣ. ಆ ದಿಕ್ಕಿನಲ್ಲಿ ಅದು 1,000 ವಾಟಿನ ದೀಪವಿದ್ದಂತೆ. 50 ಮೀಟರ್ ದೂರದಲ್ಲಿ 1,000ವನ್ನು 4π × 50 × 50ರಿಂದ ಭಾಗಿಸಿದರೆ, ಚದರ ಮೀಟರಿಗೆ ಸುಮಾರು 0.032 ವಾಟ್ ದೊರೆಯುತ್ತದೆ. 100 ಮೀಟರಿಗೆ ಹೋದರೆ ಅದರ ಕಾಲುಭಾಗ, ಎಂದರೆ 0.008 ವಾಟ್. ಮಧ್ಯಾಹ್ನದ ಬಿಸಿಲಿನಲ್ಲಿ ಚದರ ಮೀಟರಿಗೆ ಸುಮಾರು 1,000 ವಾಟ್ ಬೀಳುತ್ತದೆ.

900 ಮೆಗಾಹರ್ಟ್ಸ್ ಅಲೆಗೆ ಅಂತರರಾಷ್ಟ್ರೀಯ ಮಿತಿಯು ಚದರ ಮೀಟರಿಗೆ 4.5 ವಾಟ್ ಆಗಿದ್ದಿತು. ಭಾರತ ಸರ್ಕಾರವು 2012ರ ಸೆಪ್ಟೆಂಬರ್ 1ರಿಂದ ಅದರ ಹತ್ತನೆಯ ಒಂದು ಪಾಲನ್ನು, ಎಂದರೆ 0.45 ವಾಟನ್ನು ಮಿತಿಯಾಗಿ ವಿಧಿಸಿತು. ನಮ್ಮ ಲೆಕ್ಕದ 0.032 ಇದರ ಹದಿನಾಲ್ಕನೆಯ ಒಂದು ಭಾಗ. ಆದರೆ ಒಂದೇ ಟವರಿನ ಮೇಲೆ ಹಲವು ಆಂಟೆನಾಗಳಿದ್ದರೆ ಅವನ್ನೆಲ್ಲ ಕೂಡಬೇಕಾಗುತ್ತದೆ. ಆದುದರಿಂದ ಕಾಗದದ ಮೇಲಿನ ಲೆಕ್ಕವಷ್ಟೇ ಸಾಲದು, ಸ್ಥಳದಲ್ಲಿ ಉಪಕರಣವಿಟ್ಟು ಅಳೆಯಬೇಕು. ದೂರಸಂಪರ್ಕ ಇಲಾಖೆ 2017ರಲ್ಲಿ ‘ತರಂಗ್ ಸಂಚಾರ್’ ಎಂಬ ಏರ್ಪಾಡನ್ನು ಆರಂಭಿಸಿ, ಯಾವ ಟವರು ಮಿತಿಯೊಳಗಿದೆಯೆಂದು ಜನರು ನೋಡಲೂ ಶುಲ್ಕ ತೆತ್ತು ಅಳತೆ ಮಾಡಿಸಲೂ ಅವಕಾಶವನ್ನು ಕಲ್ಪಿಸಿತು.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಟವರು ದೂರವಾದಷ್ಟೂ ನಮ್ಮ ಕೈಯಲ್ಲಿರುವ ಫೋನು ತನ್ನ ಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಹೊಲದ ಆಚೆಯ ಬದುವಿನಲ್ಲಿರುವವರನ್ನು ಕರೆಯಲು ನಾವು ಕೂಗುವಂತೆ. ಫೋನು ಇರುವುದು ಕಿವಿಯ ಪಕ್ಕದಲ್ಲಿ. ಟವರನ್ನು ಊರಾಚೆಗೆ ಅಟ್ಟಿ, ಫೋನನ್ನು ಮಾತ್ರ ಬಿಡದೆ ಹಿಡಿದರೆ, ತಲೆಗೆ ತಾಗುವ ಅಲೆ ಕಡಮೆಯಾಗುವ ಬದಲು ಹೆಚ್ಚಾಗಬಹುದು!

ಯಾವುದು ಮೊದಲು, ಯಾವುದು ಅನಂತರ?

ಕಾರಣವು ಕಾರ್ಯಕ್ಕಿಂತ ಮುಂಚೆ ಇರಬೇಕು. ಈ ಒಂದು ನಿಯಮವನ್ನು ಹಿಡಿದರೂ ಎಷ್ಟೋ ಅಭಿಪ್ರಾಯಗಳು ತಾವಾಗಿ ಕಳಚಿಬೀಳುತ್ತವೆ.

2021ರ ಬೇಸಿಗೆಯಲ್ಲಿ ಕೋವಿಡ್ ಎರಡನೆಯ ಅಲೆ ನಮ್ಮ ದೇಶವನ್ನು ನಡುಗಿಸಿದಾಗ, 5ಜಿ ಪರೀಕ್ಷೆಗಳಿಂದಲೇ ಜನರು ಸಾಯುತ್ತಿದ್ದಾರೆಂಬ ಮಾತು ಹರಡಿತು. ದಿನಾಂಕಗಳನ್ನು ನೋಡೋಣ. ಮೇ 1ರಂದು ಪ್ರಕಟವಾದ ಲೆಕ್ಕದಲ್ಲೇ ಒಂದು ದಿನದ ಹೊಸ ರೋಗಿಗಳ ಸಂಖ್ಯೆ 4 ಲಕ್ಷವನ್ನು ದಾಟಿತ್ತು. 5ಜಿ ಪರೀಕ್ಷೆಗೆ ಸರ್ಕಾರ ಅನುಮತಿ ನೀಡಿದುದು ಮೇ 4ರಂದು. ಸೇವೆಯು ದೇಶದಲ್ಲಿ ಆರಂಭವಾದುದು 2022ರ ಅಕ್ಟೋಬರ್ 1ರಂದು. ಇನ್ನೂ ಹುಟ್ಟದ ಅಲೆ ಆಗಲೇ ಬಂದ ರೋಗಕ್ಕೆ ಕಾರಣವಾಗುವುದೆಂತು?

ಇಂಥ ಅಭಿಪ್ರಾಯ ಮಾತಿನಲ್ಲೇ ಉಳಿದರೆ ಅಷ್ಟು ಚಿಂತೆಯಿಲ್ಲ. 2020ರ ಏಪ್ರಿಲಿನಲ್ಲಿ ಬ್ರಿಟನ್ನಿನ ಹಲವೆಡೆ ಜನರು ಟವರುಗಳಿಗೆ ಬೆಂಕಿಯಿಟ್ಟರು. ಜನರೆಲ್ಲ ಮನೆಯೊಳಗೆ ಬಂಧಿತರಾಗಿ, ವೈದ್ಯರನ್ನು ಕರೆಯಲೂ ಫೋನನ್ನೇ ನಂಬಿದ್ದ ದಿನಗಳವು. ಅಲ್ಲಿನ ಸಂಪರ್ಕ ನಿಯಂತ್ರಣ ಸಂಸ್ಥೆಯಾದ ಆಫ್‌ಕಾಮ್ ಅದೇ ಫೆಬ್ರವರಿಯಲ್ಲಿ 10 ನಗರಗಳ 16 ಸ್ಥಳಗಳ ಅಳತೆಗಳನ್ನು ಪ್ರಕಟಿಸಿದ್ದಿತು. ಎಲ್ಲಕ್ಕಿಂತ ಹೆಚ್ಚಿನ ಅಳತೆಯೂ ಅಂತರರಾಷ್ಟ್ರೀಯ ಮಿತಿಯ ನೂರರಲ್ಲಿ ಸುಮಾರು ಒಂದೂವರೆ ಪಾಲಷ್ಟೇ ಇದ್ದಿತು. ಅಳತೆ ಸಿದ್ಧವಾಗಿತ್ತು, ಬೆಂಕಿಯಿಟ್ಟ ಕೈ ಅದನ್ನು ವಿಚಾರಿಸಲಿಲ್ಲ.

‘ಸಾಧ್ಯ’ ಎಂಬ ಪದ

ಇನ್ನು ಎದುರುಪಕ್ಷದ ಮಾತನ್ನು ಪರೀಕ್ಷಿಸೋಣ. ಹಾನಿಯಿಲ್ಲವೆಂದು ವಿಜ್ಞಾನ ಸಾಧಿಸಿಬಿಟ್ಟಿದೆಯೆ? ಹಾಗೆನ್ನುವುದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2011ರಲ್ಲಿ ರೇಡಿಯೋ ಅಲೆಗಳನ್ನು ‘ಕ್ಯಾನ್ಸರಿಗೆ ಕಾರಣವಾಗುವುದು ಸಾಧ್ಯ’ ಎಂಬ 2ಬಿ ವರ್ಗದಲ್ಲಿ ಸೇರಿಸಿತು. ಈ ವರ್ಗೀಕರಣವು ಸಾಕ್ಷ್ಯ ಎಷ್ಟು ಬಲವಾಗಿದೆಯೆಂದು ಹೇಳುತ್ತದೆಯೇ ಹೊರತು ಅಪಾಯ ಎಷ್ಟು ದೊಡ್ಡದೆಂದು ಹೇಳುವುದಿಲ್ಲ. ಲೋಳೆಸರದ ಇಡೀ ಎಲೆಯ ಸಾರವೂ ಅದೇ ವರ್ಗದಲ್ಲಿದೆ.

2018ರಲ್ಲಿ ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮವು, ದಿನಕ್ಕೆ 9 ಗಂಟೆಗಳಂತೆ ಎರಡು ವರ್ಷಗಳವರೆಗೆ ರೇಡಿಯೋ ಅಲೆಗೆ ಒಡ್ಡಿದ ಗಂಡು ಇಲಿಗಳ ಹೃದಯದಲ್ಲಿ ಗಡ್ಡೆಗಳು ಕಂಡುಬಂದುವೆಂದು ವರದಿ ಮಾಡಿತು. ಅಲ್ಲಿ ಬಳಸಿದ ಗರಿಷ್ಠ ಪ್ರಮಾಣ ಕಿಲೋಗ್ರಾಮಿಗೆ 6 ವಾಟ್. ಇಡೀ ದೇಹಕ್ಕೆ ಜನರಿಗಿರುವ ಮಿತಿಯ 75 ಪಾಲು. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ಇನ್ನೊಂದು ಸಮೀಕ್ಷೆ 2024ರಲ್ಲಿ ಪ್ರಕಟವಾಯಿತು. 1994ರಿಂದ 2022ರವರೆಗಿನ 63 ಅಧ್ಯಯನ ಪ್ರಬಂಧಗಳನ್ನು ಒಟ್ಟುಗೂಡಿಸಿ ನೋಡಿದ ಅದರಲ್ಲಿ, ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ಸಂಬಂಧ ಕಂಡುಬರಲಿಲ್ಲ. ವಿಜ್ಞಾನಿ ಇದನ್ನೆಲ್ಲ ಸೇರಿಸಿ, “ಇಷ್ಟು ಹುಡುಕಿದರೂ ಮಿತಿಯೊಳಗಿನ ಅಲೆಯಿಂದ ಹಾನಿ ದೃಢಪಟ್ಟಿಲ್ಲ, ಹುಡುಕಾಟ ನಿಂತಿಲ್ಲ” ಎನ್ನುತ್ತಾನೆ. ಈ ಮಾತು ಭಯಪಡುವವರಿಗೂ ರುಚಿಸದು, ಜಂಬ ಕೊಚ್ಚುವವರಿಗೂ ರುಚಿಸದು. ಆದರೆ ಸಾಕ್ಷ್ಯ ಹೇಳುವುದು ಇಷ್ಟನ್ನೇ.

ತೀರ್ಮಾನ ಯಾರದು?

ಉಳಿದುದು ರಾಜಕೀಯದ ಪ್ರಶ್ನೆ. 2012ರಲ್ಲಿ ಸರ್ಕಾರ ಮಿತಿಯನ್ನು ಹತ್ತು ಪಾಲು ಇಳಿಸಿತೆಂಬುದನ್ನು ಮೇಲೆ ಹೇಳಿದೆವು. “ಹಾನಿ ಇರುವುದರಿಂದಲೇ ಇಳಿಸಿದರು” ಎಂದು ಕೆಲವರು ತರ್ಕಿಸುತ್ತಾರೆ. ಇದು ಸಲ್ಲದು, ಮುಂಜಾಗ್ರತೆಗೆಂದು ಮಾಡಿದ ಏರ್ಪಾಡು ಹಾನಿಗೆ ಪ್ರಮಾಣವಾಗಲಾರದು. “ಭೌತವಿಜ್ಞಾನ ಕೇಳದಿದ್ದ ಮೇಲೆ ಅದು ಮೂರ್ಖತನ” ಎಂಬುದೂ ಸಲ್ಲದು. ಎಷ್ಟು ಮುಂಜಾಗ್ರತೆ ಬೇಕು, ಅದಕ್ಕೆ ಎಷ್ಟು ವೆಚ್ಚ ಮಾಡಬೇಕು ಎಂಬುದನ್ನು ಯಾವ ಮಾಪಕವೂ ಹೇಳುವುದಿಲ್ಲ. ಅದನ್ನು ನಿರ್ಧರಿಸುವ ಹಕ್ಕು ಪ್ರಜೆಗಳದು.

ಟವರು ಬೇಡವೆನ್ನುವ ಎಷ್ಟೋ ಜನರ ನಿಜವಾದ ನೋವು ಅಲೆಯದಲ್ಲ. ನೆರೆಹೊರೆಯವರನ್ನು ಒಂದು ಮಾತೂ ಕೇಳದೆ ಅದನ್ನು ನಿಲ್ಲಿಸಿದ್ದಾರೆ. ಹಳೆಯ ಕಟ್ಟಡದ ತಾರಸಿಗೆ ಆ ಭಾರವನ್ನು ಹೊರುವ ಬಲವಿದೆಯೆ ಎಂದು ಯಾರೂ ತೋರಿಸಿಲ್ಲ. ರಾತ್ರಿಯೆಲ್ಲ ಜನರೇಟರಿನ ಸದ್ದು. ಬಾಡಿಗೆ ಒಬ್ಬರಿಗೆ, ಕಿರುಕುಳ ಎಲ್ಲರಿಗೆ. ಇವು ನ್ಯಾಯವಾದ ದೂರುಗಳು. ಇವುಗಳಿಗೆ ಕ್ಯಾನ್ಸರಿನ ಹೆಸರಿನ ಆಸರೆ ಬೇಕಿಲ್ಲ. ಬೇಕೆಂದು ಸೇರಿಸಿದರೆ, ಅಲೆಯ ವಾದ ಬಿದ್ದ ದಿನ ತಾರಸಿಯ ವಾದವೂ ಅದರೊಡನೆ ಬೀಳುತ್ತದೆ. ಸುಳ್ಳಿನ ಗಾಡಿಗೆ ಕಟ್ಟಿದ ನಿಜದ ಎತ್ತು ಗಾಡಿಯೊಡನೆ ತಾನೂ ಹಳ್ಳಕ್ಕೆ ಉರುಳುವುದು. ತನ್ನ ದೂರನ್ನು ಅದರದೇ ಮಾತಿನಲ್ಲಿ ಹೇಳಲು ಬಲ್ಲ ಪ್ರಜೆಯನ್ನು ತಳ್ಳಿಹಾಕುವುದು ಅಧಿಕಾರಿಗಳಿಗೂ ಕಂಪನಿಗಳಿಗೂ ಕಷ್ಟ. ವಿಜ್ಞಾನದ ಪಾಠದಿಂದ ಪ್ರಜೆಗೆ ದೊರೆಯುವ ಬಲ ಇದೇ.

ಅಭ್ಯಾಸ

1. 5ಜಿ ಸೇವೆಯ 3,500 ಮೆಗಾಹರ್ಟ್ಸ್ ಅಲೆಯ ಫೋಟಾನಿನ ಶಕ್ತಿಯನ್ನು ಕಂಡುಹಿಡಿಯಿರಿ. ಅದು ಹಸುರು ಬೆಳಕಿನ ಫೋಟಾನಿನ ಎಷ್ಟನೆಯ ಒಂದು ಭಾಗ?

2. ಮೇಲಿನ ಉದಾಹರಣೆಯ ಆಂಟೆನಾದ ನೇರದಲ್ಲಿ 25 ಮೀಟರ್ ದೂರದಲ್ಲಿರುವ ಕಿಟಕಿಯ ಬಳಿ ತೀವ್ರತೆ ಎಷ್ಟು? ಅಂಥ ನಾಲ್ಕು ಆಂಟೆನಾಗಳು ಅದೇ ದಿಕ್ಕಿಗಿದ್ದರೆ 0.45 ವಾಟಿನ ಮಿತಿ ಮೀರುವುದೆ? ನಿಮ್ಮ ಉತ್ತರ ಅಳತೆಯ ಅಗತ್ಯವನ್ನು ಕುರಿತು ಏನು ಹೇಳುತ್ತದೆ?

3. “ಟವರುಗಳಿಂದಲೇ ಊರಿನಲ್ಲಿ ಗುಬ್ಬಚ್ಚಿಗಳು ಕಾಣೆಯಾದುವು, ಅವನ್ನೆಲ್ಲ ಕೀಳಿಸಬೇಕು.” ಈ ಮಾತಿನಲ್ಲಿರುವ ಬೇರೆ ಬೇರೆ ಹೇಳಿಕೆಗಳನ್ನು ಬಿಡಿಸಿ ಬರೆಯಿರಿ. ಒಂದೊಂದಕ್ಕೂ ಎಂಥ ಸಾಕ್ಷ್ಯ ಬೇಕು? ಯಾವುದನ್ನು ನೀವೇ ನಿಮ್ಮ ಬೀದಿಯಲ್ಲಿ ಎಣಿಸಿ ನೋಡಬಹುದು?